ಅರವತ್ತನಾಲ್ಕು ಬಿಳಿ ಗುಂಡಿ

ಯಾರ ನಿಲುವಂಗಿ ಹೊಲಿದರೂ ಎಲ್ವೀರಾ ಅದನ್ನು ಮೊದಲು ತಾನೇ ತೊಟ್ಟು ನಡೆದು ನೋಡುತ್ತಿದ್ದಳು. ಹೊಲಿಗೆ ಕೋಣೆಯಿಂದ ಅಡುಗೆಮನೆ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಸುಮ್ಮನೆ ನಿಂತವನ ಮೈಮೇಲೆ ಸರಿಯಾಗಿ ಕೂರುವ ಬಟ್ಟೆ, ಪಕ್ಕದವನ ತೋಳಿಗೆ ತೋಳು ಕೊಟ್ಟು ನಡೆಯುವಾಗ ಹೆಗಲಲ್ಲಿ ಎರಡು ಬೆರಳಿನಷ್ಟು ಮೇಲೆದ್ದುಬಿಡುತ್ತದೆ. ಅಳತೆಪಟ್ಟಿಗೆ ಅದು ಸಿಗುವುದಿಲ್ಲ. ಹಾಗಾಗಿ ಅವಳು ಎರಡೂ ಬದಿಗೆ ಸಾಲುಗಟ್ಟಿ ಜನ ನಿಂತಿದ್ದಾರೆ ಎಂಬಂತೆ ತೋಳು ಚಾಚಿ, ಹಬ್ಬದ ಮೆರವಣಿಗೆಯ ನಿಧಾನದ ತಾಳಕ್ಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ ಹೋಗಿಬರುತ್ತಿದ್ದಳು.

ಎದುರುಮನೆಯ ಪೆಪೀಕಾ ಮೀನು ಮಾರುವವಳು. ಕಿಟಕಿಯಿಂದ ನೋಡಿದಳೆಂದರೆ ಬಿಡುತ್ತಿರಲಿಲ್ಲ.

"ಏನೇ ಮಾರಾಯ್ತಿ, ಗೋಡೆ ಚಪ್ಪಾಳೆ ತಟ್ತಾ?"

"ತಟ್ತು. ನಿನ್ನ ಹಾಗೆ ಮೀನು ವಾಸನೆ ಹೊಡೆಯಲ್ಲ ನೋಡು, ಪಾಪ."

ಜುಲೈ ಕೊನೆಗೆ ಸಂತ ಮಾರ್ತಾಳ ಹಬ್ಬ. ಊರಿನ ಅರ್ಧ ಗಂಡಸರು ಹಿಂದೆ ಕಡಲಾಚೆಯಿಂದ ದಾಳಿಗೆ ಬಂದ 'ಮೂರ್' ಮುಸ್ಲಿಮರ ವೇಷ ತೊಟ್ಟು ಬೆಳಗಿನ ಜಾವ ದೋಣಿಗಳಲ್ಲಿ ಬಂದು ದಂಡೆಗೆ ಇಳಿಯುತ್ತಾರೆ, ಉಳಿದರ್ಧ ಕ್ರೈಸ್ತರಾಗಿ ಅವರನ್ನು ತಡೆಯುತ್ತಾರೆ. ಇನ್ನೂರೈವತ್ತು ವರ್ಷದಿಂದ ಹೀಗೇ ಕಾದಾಡಿ, ಸಂಜೆ ಒಂದೇ ಬೀದಿಯಲ್ಲಿ ದಂಡುದಂಡಾಗಿ ಮೆರವಣಿಗೆ ಹೋಗುತ್ತಾರೆ. ಹೆಂಗಸರು ಬೀದಿಯ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಎಲ್ವೀರಾಳ ಅಪ್ಪ ಮೂರ್ ಪಕ್ಷದ 'ಕಡಲ್ಗಳ್ಳರು' ಎಂಬ ದಂಡನ್ನು ಕಟ್ಟಿದವರಲ್ಲೊಬ್ಬ. ಮೊದಲ ಸಾಲಿನಲ್ಲಿ ಎಡದಿಂದ ಮೂರನೆಯ ಜಾಗ ಅವನದು. ಅವನಿಗೆ ಗಂಡುಮಕ್ಕಳಿರಲಿಲ್ಲ. ದಂಡಿನ ನಾಲ್ಕನೇ ನಿಯಮದ ಪ್ರಕಾರ ಜಾಗ ಮಗನಿಗೆ, ಮಗನಿಲ್ಲದಿದ್ದರೆ ಅಳಿಯನಿಗೆ. ಹಾಗೆ ಅದು ಸಾವಿರದ ಒಂಬೈನೂರ ಅರವತ್ತೈದರಲ್ಲಿ, ಮದುವೆಯಾದ ವರ್ಷವೇ, ಬತಿಸ್ತೆಗೆ ಬಂತು. ಅವನು ಬೆಟ್ಟದ ಕಡೆಯವನು, ಮಂಜುಗಡ್ಡೆ ಕಾರ್ಖಾನೆಗೆ ಕೆಲಸಕ್ಕೆಂದು ಬಂದವನು. ಹೆಜ್ಜೆಯ ಗಂಧಗಾಳಿಯೂ ಗೊತ್ತಿರಲಿಲ್ಲ. ಎಲ್ವೀರಾ ಇಬ್ಬರ ತೋಳಿಗೂ ಒಂದೇ ಪೊರಕೆ ಕೋಲು ಅಡ್ಡ ಕೊಟ್ಟು, ಪಾತ್ರೆಯ ಮೇಲೆ ತಾಳ ಹಾಕುತ್ತ, ಅಡುಗೆಮನೆಯಲ್ಲಿ ಒಂದು ಇಡೀ ಚಳಿಗಾಲ ಅವನಿಗೆ ನಡೆಯುವುದನ್ನು ಕಲಿಸಿದಳು.

ತೊಂಬತ್ತೊಂಬತ್ತರಲ್ಲಿ, ಐವತ್ತೇಳನೆಯ ವಯಸ್ಸಿನಲ್ಲಿ, ಅವಳು ದಂಡಿಗೆ ಅರ್ಜಿ ಬರೆದಳು. ನಾಲ್ಕನೇ ನಿಯಮದ 'ಮಗ' ಎಂಬಲ್ಲಿ 'ಮಕ್ಕಳು' ಎಂದು ತಿದ್ದಬೇಕು, ಅಷ್ಟೇ. ಬರೆಯುವ ಮೊದಲು ಗಂಡನನ್ನು ಕೇಳಿದ್ದಳು.

"ಬರಿ ಬರಿ," ಎಂದಿದ್ದ ಬತಿಸ್ತೆ. "ನಾನಿದ್ದೀನಲ್ಲ."

ಅರ್ಜಿ ಮತಕ್ಕೆ ಬರುವ ನಾಲ್ಕು ದಿನ ಮುಂಚೆ ದಂಡಿನ ಅಧ್ಯಕ್ಷ, ಎಪ್ಪತ್ತು ದಾಟಿದ ಗಸ್ಪಾರ್ ಮಾಮ, ಹೊಲಿಗೆ ಕೋಣೆಗೆ ಬಂದ.

"ಒಂದು ಉಪಕಾರ ಮಾಡು ಮಗಳೇ. ಮತ ಹಾಕೋಕೆ ಈ ಬಿಳಿ ಕಾಳು ಕರಿ ಕಾಳಿನ ಸಹವಾಸ ಸಾಕಾಯ್ತು. ಹೋದ ಸಲ ಒಂದು ಕಾಳು ಸೀಳಿ ಎರಡು ಹೋಳಾಗಿ, ಅದು ಒಂದು ಮತವೋ ಎರಡೋ ಅಂತ ಮೂರು ಗಂಟೆ ಜಗಳ. ನಿನ್ನ ಹತ್ರ ಗುಂಡಿ ಇರ್ತಾವಲ್ಲ."

"ನನ್ನ ಅರ್ಜಿಗೆ ನನ್ನದೇ ಗುಂಡಿನಾ ಮಾಮ?"

"ನಿನ್ನ ಗುಂಡಿಯಾದ್ರೆ ಒಡೆಯಲ್ಲ."

ಅವಳು ಅರವತ್ತನಾಲ್ಕು ಬಿಳಿ, ಅರವತ್ತನಾಲ್ಕು ಕಪ್ಪು ಎಣಿಸಿಕೊಟ್ಟಳು. ಕಪ್ಪು ಕೊಂಬಿನದು, ದಂಡಿನ ನಿಲುವಂಗಿಗೇ ಹಾಕುವಂಥದು. ಬಿಳಿ ಚಿಪ್ಪಿನದು, ನಾಲ್ಕು ತೂತಿನದು. ದಂಡಿನ ಅರವತ್ತನಾಲ್ಕು ಗಂಡಸರಲ್ಲಿ ಒಬ್ಬೊಬ್ಬನಿಗೆ ಎರಡೂ ಬಣ್ಣದ್ದು ಒಂದೊಂದು. ಬೇಕೆನ್ನುವವನು ಬಿಳಿಯನ್ನು, ಬೇಡವೆನ್ನುವವನು ಕಪ್ಪನ್ನು ಪೆಟ್ಟಿಗೆಗೆ ಹಾಕಬೇಕು. ಉಳಿದದ್ದನ್ನು ಹೋಗುವಾಗ ಮುಷ್ಟಿ ಮುಚ್ಚಿಕೊಂಡೇ ಬಾಗಿಲ ಬಳಿಯ ಚೀಲಕ್ಕೆ ಬಿಡಬೇಕು. ಯಾರು ಏನು ಹಾಕಿದರೆಂದು ಯಾರಿಗೂ ತಿಳಿಯದು.

ಭಾನುವಾರ ಮಧ್ಯಾಹ್ನ ಬತಿಸ್ತೆ ಟೋಪಿ ತೆಗೆಯುತ್ತಲೇ ಹೇಳಿದ. "ಇಪ್ಪತ್ತೇಳು ಬಿಳಿ. ಮೂವತ್ತೇಳು ಕಪ್ಪು."

ಎಲ್ವೀರಾ ಮೀನಿನ ಅನ್ನದ ಬಾಣಲೆಯನ್ನು ಮೇಜಿಗೆ ತಂದಿಟ್ಟಳು. "ನಿನ್ನದು?"

"ಬಿಳಿ. ಇನ್ನೇನು ಹಾಕ್ತೀನಿ ನಾನು? ಈ ಊರಿನ ತಲೆ ನಿನಗೆ ಗೊತ್ತಲ್ಲ, ಕಲ್ಲು." ಬಾಣಲೆಯ ತಳಕ್ಕೆ ಹತ್ತಿದ ಗರಿಗರಿ ಅನ್ನವನ್ನು ಕೆರೆದು, ಅರ್ಧ ಅವಳ ತಟ್ಟೆಗೆ ಹಾಕಿದ. ಎಂದೂ ಹಾಕದವನು.

ಸಂಜೆ ಗಸ್ಪಾರ್ ಮಾಮ ಗುಂಡಿ ವಾಪಸು ತಂದುಕೊಟ್ಟ. ಅವಳು ಅಭ್ಯಾಸದಂತೆ ಎಣಿಸಿದಳು. ಕಪ್ಪು ಅರವತ್ತನಾಲ್ಕು. ಬಿಳಿ ಅರವತ್ತಮೂರು. ಇನ್ನೆರಡು ಸಲ ಎಣಿಸಿದಳು.

"ಎಲ್ಲೋ ಉರುಳಿರುತ್ತೆ ಬಿಡು," ಎಂದ ಮಾಮ.

ಸೋಮವಾರ ಬಟ್ಟೆ ಒಗೆಯುವ ದಿನ. ಬತಿಸ್ತೆಯ ಭಾನುವಾರದ ಪ್ಯಾಂಟಿನ ಬಲಜೇಬಿನಲ್ಲಿ ಅದು ಸಿಕ್ಕಿತು. ಅವಳು ಅದನ್ನು ಕಲ್ಲಿನ ಮೇಲಿಟ್ಟು ನೋಡಿದಳು. ನಾಲ್ಕು ತೂತು. ಬಿಳಿಯನ್ನು ಉಳಿಸಿಕೊಂಡವನು ಪೆಟ್ಟಿಗೆಗೆ ಹಾಕಿದ್ದು ಯಾವುದೆಂದು ತಿಳಿಯಲು ಹೆಚ್ಚು ಯೋಚಿಸಬೇಕಿರಲಿಲ್ಲ. ಚೀಲದ ಪಕ್ಕದಲ್ಲೇ ಗಸ್ಪಾರ್ ಮಾಮ ಕುರ್ಚಿ ಹಾಕಿಕೊಂಡು ಕೂತಿದ್ದನಂತೆ. ಮುಷ್ಟಿಯಿಂದ ಬಿಳಿ ಬೀಳುವುದು ಎಲ್ಲಿ ಅವನ ಕಣ್ಣಿಗೆ ಬೀಳುತ್ತದೋ ಎಂದು ಅಂಜಿ ಜೇಬಿಗಿಳಿಸಿದ್ದಾನೆ. ಕಪ್ಪು ಹಾಕಿದ ಉಳಿದ ಮೂವತ್ತಾರು ಜನಕ್ಕೆ ಆ ಅಂಜಿಕೆ ಇರಲಿಲ್ಲ. ಅವರಾರೂ ಅವಳನ್ನು ಕಟ್ಟಿಕೊಂಡವರಲ್ಲ.

ಅವಳು ಏನೂ ಕೇಳಲಿಲ್ಲ. ಪ್ಯಾಂಟು ಒಗೆದು ಒಣಹಾಕಿದಳು. ಗುಂಡಿಯನ್ನು ಬೇರೆ ಡಬ್ಬಿಯಲ್ಲಿಟ್ಟಳು.

ಆ ವರ್ಷ ಸಾಲಿನ ಮುಂದಾಳಾಗುವ ಸರದಿ ಬತಿಸ್ತೆಯದು. ಕತ್ತಿ ಹಿಡಿದು, ಸಾಲಿನ ಮುಂದೆ ಒಬ್ಬನೇ, ಜನರತ್ತ ತಿರುಗಿ ನಡೆಯುವವನು. ಮೂವತ್ತನಾಲ್ಕು ವರ್ಷ ಕಾದಿದ್ದ. ಎಲ್ವೀರಾ ಅವನಿಗೆ ಗಾಢ ಕೆಂಪು ಉಣ್ಣೆಯ ನಿಲುವಂಗಿ ಹೊಲಿದಳು, ಎದೆಯುದ್ದಕ್ಕೂ ಒಂಬತ್ತು ಗುಂಡಿ. ಅದನ್ನು ತೊಟ್ಟು ಹದಿನಾಲ್ಕು ಹೆಜ್ಜೆ ನಡೆದಳು. ಹೆಗಲು ಏಳಲಿಲ್ಲ. ಅಷ್ಟು ಚೆನ್ನಾಗಿ ಅವಳು ಮತ್ಯಾವುದನ್ನೂ ಹೊಲಿದಿರಲಿಲ್ಲ.

ಮೆರವಣಿಗೆಯ ಸಂಜೆ, ಬೀದಿಯಲ್ಲಿ ನಗಾರಿಗಳು ಸದ್ದು ಮಾಡತೊಡಗಿದಾಗ, ಬತಿಸ್ತೆ ಕನ್ನಡಿಯ ಮುಂದೆ ಕೆಳಗಿನಿಂದ ಮೇಲಕ್ಕೆ ಗುಂಡಿ ಹಾಕಿಕೊಳ್ಳುತ್ತಿದ್ದ. ಏಳನೆಯದಕ್ಕೆ ಬೆರಳು ನಿಂತಿತು. ಎಂಟು ಕಪ್ಪು ಗುಂಡಿಗಳ ನಡುವೆ, ಎದೆಯ ಮೇಲೆ, ಅದೊಂದು ಬಿಳಿ.

"ಇದೇನಿದು?"

"ಗುಂಡಿ."

"ಕಪ್ಪು ಇರಲಿಲ್ವಾ?"

"ಇತ್ತು. ಇದು ನಿನ್ನ ಪ್ಯಾಂಟಿನ ಜೇಬಲ್ಲಿತ್ತು. ನಿನ್ನದಲ್ವಾ, ನಿನ್ನ ಬಟ್ಟೆಗೇ ಹಾಕಿದೆ."

ಅವನು ಮಂಚದ ಅಂಚಿಗೆ ಕೂತ. ಅರವತ್ತು ವರ್ಷದ ಮುಖಕ್ಕೆ ಬಳಿದಿದ್ದ ಮಸಿಬಣ್ಣ ಹುಬ್ಬಿನ ಬಳಿ ಬೆವರಿಗೆ ಇಳಿಯತೊಡಗಿತ್ತು.

"ಅದು ನಿನ್ನಪ್ಪನ ಜಾಗ," ಎಂದ. "ಮಗಳಿಗೆ ಅಂತ ಆದ ಮೇಲೆ ಅಳಿಯ ಯಾಕೆ ಬೇಕು ಅವರಿಗೆ? ನಾನು ಪೆಪೀಕಾ ಪಕ್ಕ ಕುರ್ಚಿ ಹಾಕ್ಕೊಂಡು ಕೂರ್ಬೇಕಿತ್ತಾ?"

"ನಾನು ಕೂತಿಲ್ವಾ?"

ಅವನು ಬಿಳಿ ಗುಂಡಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದ.

"ಹಿಂದಿನ ಸಾಲಲ್ಲಿ ನಿಲ್ತಿದ್ದೆ ಬತಿಸ್ತೆ. ಕೊನೇ ಸಾಲಾದ್ರೂ ಆಗ್ತಿತ್ತು. ಕೇಳಿದ್ರೆ ಹೇಳ್ತಿದ್ದೆ."

ಕೆಳಗಿನಿಂದ ಯಾರೋ ಅವನ ಹೆಸರು ಕೂಗಿದರು. "ಸೂಜಿ ನಿನ್ನ ರವಿಕೆಯಲ್ಲೇ ಇದೆಯಲ್ಲ," ಎಂದ ಅವನು ಮೆಲ್ಲಗೆ. "ಎರಡು ನಿಮಿಷದ ಕೆಲಸ. ಇದು ಯಾವ ಗುಂಡಿ ಅಂತ ದಂಡಲ್ಲಿ ಎಲ್ಲರಿಗೂ ಗೊತ್ತು."

"ಗೊತ್ತು," ಎಂದಳು ಎಲ್ವೀರಾ. ತನ್ನ ಕುರ್ಚಿ ಎತ್ತಿಕೊಂಡು ಅವನಿಗಿಂತ ಮೊದಲು ಮೆಟ್ಟಿಲಿಳಿದಳು.

ಕಡಲ್ಗಳ್ಳರು ಬೀದಿಯ ತಿರುವಿಗೆ ಬಂದಾಗ ಬಿಸಿಲು ಗೋಡೆಗಳ ಮೇಲಷ್ಟೇ ಉಳಿದಿತ್ತು. ಬತಿಸ್ತೆ ಕತ್ತಿ ಎತ್ತಿ, ವಾಲುತ್ತ, ಜನರತ್ತ ತಿರುಗಿದ. ಹೆಜ್ಜೆ ಒಂದೂ ತಪ್ಪಲಿಲ್ಲ. ಎದೆಯ ಮೇಲೆ ಬಿಳಿ ಗುಂಡಿಯಿದ್ದ ಕಡೆ ನಿಲುವಂಗಿ ಬಾಯಿ ಬಿಟ್ಟಿತ್ತು. ಮೇಣ ಉಜ್ಜಿದ ಎರಡೆಳೆ ದಾರ ತುಂಡಾಗಿರಲಿಲ್ಲ, ಹೆಬ್ಬೆರಳ ಉಗುರಿನಷ್ಟು ಬಟ್ಟೆಯನ್ನೇ ಕಿತ್ತುಕೊಂಡು ಹೋಗಿತ್ತು.

"ನೋಡೇ, ಗುಂಡಿ ಬಿದ್ದಿದೆ," ಎಂದಳು ಪೆಪೀಕಾ. "ನಿನ್ನ ಹೊಲಿಗೆ ಬಿಚ್ಚಿದ್ದು ಇದೇ ಮೊದಲು."

"ಬಿಚ್ಚಿಲ್ಲ."

ಎಲ್ವೀರಾಳ ಬಲಗಾಲು ತನ್ನಷ್ಟಕ್ಕೆ ತಾಳ ಹಿಡಿದಿತ್ತು. ಅವಳು ಪಾದವನ್ನು ಕುರ್ಚಿಯ ಕಾಲಿನ ಹಿಂದೆ ಸಿಕ್ಕಿಸಿ ನಿಲ್ಲಿಸಿದಳು.

ಹಬ್ಬ ಮುಗಿದ ಮೇಲೆ ಹರಿದ ಬಟ್ಟೆಗಳೆಲ್ಲ ಅವಳ ಮನೆಗೇ ಬರುತ್ತವೆ. ಆ ಆಗಸ್ಟ್‌ನಲ್ಲೂ ಬಂದವು, ಒಂದನ್ನು ಬಿಟ್ಟು ಎಲ್ಲವನ್ನೂ ರಿಪೇರಿ ಮಾಡಿದಳು. ಬತಿಸ್ತೆ ಮುಂದಿನ ವರ್ಷಗಳಲ್ಲಿ ಮತ್ತೆ ಎಡದಿಂದ ಮೂರನೆಯವನಾಗಿ, ಎದೆಯ ಹರಕಿಗೆ ಪಿನ್ನು ಚುಚ್ಚಿಕೊಂಡು ನಡೆದ.

ಆರು ವರ್ಷದ ನಂತರ ನಿಯಮ ಮತ್ತೆ ಮತಕ್ಕೆ ಬಂತು. ಅರ್ಜಿ ಈ ಸಲ ಬೇರೆಯವರ ಹೆಣ್ಣುಮಕ್ಕಳದು, ಗುಂಡಿ ಎಲ್ವೀರಾಳದೇ. ಬಿಳಿಯಲ್ಲಿ ಒಂದು ಹೊಸದು ಸೇರಿಸಿ ಕೊಟ್ಟಳು. ಮಂಡಿ ಸವೆದು ಅವಳಿಗಾಗಲೇ ಮೆಟ್ಟಿಲಿಳಿಯುವುದೂ ಕಷ್ಟವಾಗಿತ್ತು. ತಿದ್ದುಪಡಿ ಗೆದ್ದಿತು. ಗುಂಡಿಗಳ ಚೀಲವನ್ನು ಬತಿಸ್ತೆಯೇ ಹೊತ್ತು ತಂದ. ಅವಳು ಎಣಿಸಿ ಮುಗಿಸುವವರೆಗೆ ಬಾಗಿಲಲ್ಲೇ ನಿಂತಿದ್ದ.

"ಈ ಸಲ ಬಿಳಿ ಹಾಕಿದೆ ಎಲ್ವೀರಾ. ಸತ್ಯವಾಗ್ಲೂ."

"ಇರಬಹುದು," ಎಂದಳು ಅವಳು, ಡಬ್ಬಿಯ ಮುಚ್ಚಳ ಹಾಕುತ್ತ. "ಈ ಸಲ ಎಲ್ಲವೂ ವಾಪಸು ಬಂದಿವೆ. ನನಗೆ ಹೇಗೆ ಗೊತ್ತಾಗ್ಬೇಕು?"