ಡಿಕ್ಕಿಯೊಳಗಿನ ದೀಪ

ಐವತ್ತರ ದಶಕದ ಮಾತು. ಫೋರ್ಟ್ ಪೇಟೆಯ ಸೇಠರ ಕಾರಿಗೆ ನಾನು ಡ್ರೈವರ್. ಬ್ಯಾಟರಿ ದಿನಾ ಬೆಳಿಗ್ಗೆ ಸತ್ತಿರುತ್ತಿತ್ತು. ರಾತ್ರಿ ನಾನೇ ದೀಪ ಹಾಕಿಕೊಂಡು ಕಾರಿನಲ್ಲಿ ಮಲಗುತ್ತೇನೆಂದು ಸೇಠರಿಗೆ ಗುಮಾನಿ. ಕೆಲಸ ಹೋಗುವುದರಲ್ಲಿತ್ತು.

ಕಾರನ್ನು ಕುರ್ಲಾದ ಗ್ಯಾರೇಜಿನ ಬಸಪ್ಪ ಮಿಸ್ತ್ರಿಗೆ ತೋರಿಸಿದೆ; ಅವರು ಧಾರವಾಡ ಕಡೆಯವರು. "ಡಿಕ್ಕಿ ಮುಚ್ಚಿದ್ರೂ ಒಳಗಿನ ದೀಪ ಉರೀತಿರಬೇಕು. ಒಳಗ ಹೊಕ್ಕು ನೋಡ್ರಿ," ಎಂದರು.

ಮೈ ಮಡಚಿ ಹೊಕ್ಕೆ. ಮುಚ್ಚಳ ಧಡಕ್ಕೆಂದು ಬಿತ್ತು.

"ಉರೀತಾ ಉಂಟು! ತೆಗೀರಿ ಮಾರಾಯ್ರೆ!"

"ಲಾಕ್ ಬಿದ್ದೈತ್ರಿ. ಚಾವಿ ಎಲ್ಲಿ?"

ಚಾವಿಯನ್ನು ಯಾರ ಕೈಗೂ ಕೊಡಬಾರದೆಂಬುದು ನಮ್ಮ ಡ್ರೈವರುಗಳ ನೇಮ. ಅದು ನನ್ನ ಜೇಬಿನಲ್ಲೇ ಇತ್ತು.

ಮಿಸ್ತ್ರಿ ಹಿಂದಿನ ಸೀಟು ಬಿಚ್ಚತೊಡಗಿದರು. ಅಷ್ಟರಲ್ಲಿ ಬ್ಯಾಟರಿ ಸೋತು ದೀಪ ಮಂಕಾಯಿತು. ಇದೊಂದು ಆರದಿರಲಿ ಎಂದು ಊರಿನ ದೈವಗಳಿಗೆಲ್ಲ ಹರಕೆ ಹೊತ್ತೆ.

ಹೊರಬಂದ ಮೇಲೆ ಮಿಸ್ತ್ರಿ ಆ ಬಲ್ಬ್ ಕಿತ್ತು ನನ್ನ ಕೈಗಿಟ್ಟರು. ನನ್ನ ಕೆಲಸಕ್ಕೇ ಕುತ್ತು ತಂದಿದ್ದ ಆ ದೀಪವನ್ನು ಬೈಯಲು ಬಾಯಿ ಬರಲಿಲ್ಲ.