ಕತ್ತಲೆ ಮೇಷ್ಟ್ರು ಕೇಳಿದ ಒಂದು ದೀಪ

ಭದ್ರಾವತಿಯ ನಮ್ಮ ಕಾರ್ಖಾನೆ ಕಾಲೋನಿಯಲ್ಲಿ ಗಣಪತಿ ಕೂರಿಸಿದಾಗ ಬೇರೆ ಕಡೆಯಂತೆ ಪೌರಾಣಿಕ ನಾಟಕ ಆಡುತ್ತಿರಲಿಲ್ಲ. ನಮ್ಮದು ಬಾಹ್ಯಾಕಾಶದ ನಾಟಕ. ನಮ್ಮ ಕುಲುಮೆಯ ಕಬ್ಬಿಣದಿಂದಲೇ ಮಾಡಿದ ಹಡಗೊಂದು ಏಳು ಸೂರ್ಯರಿರುವ ಲೋಕಕ್ಕೆ ಹೊರಡುತ್ತದೆ. ಪ್ರತಿ ವರ್ಷ ಹಬ್ಬಕ್ಕೆ ಅದರ ಕಥೆ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಬರೆಯುತ್ತಿದ್ದವನು ನಾನು. ಎಸ್ಸೆಸ್ಸೆಲ್ಸಿ ಮುಗಿಸಿ ಅದೇ ಕಾರ್ಖಾನೆಯಲ್ಲಿ ವೈರ್‌ಮನ್ ಆಗಿದ್ದೆ. ಏಳು ಸೂರ್ಯರೆಂದರೆ ಬಣ್ಣದ ಕಾಗದ ಸುತ್ತಿದ ಏಳು ಬಲ್ಬು. ಅವನ್ನು ಹಚ್ಚಿ ಆರಿಸುವವನೂ ನಾನೇ.

ಆ ಲೋಕದಲ್ಲಿ ಜನರಿಗೆ ಬಲು ಇಷ್ಟವಾಗಿದ್ದ ಪಾತ್ರ ಕತ್ತಲೆ ಮೇಷ್ಟ್ರು. ದೂರದ ಚುಕ್ಕಿ ಕಾಣಬೇಕೆಂದು ಹತ್ತಿರದ ಸೂರ್ಯರನ್ನೇ ಒಂದೊಂದಾಗಿ ಮುಚ್ಚಿಹಾಕುವ ಖಗೋಳಶಾಸ್ತ್ರಜ್ಞ. ಕ್ಯಾಂಟೀನಿನ ಅನ್ನದ ಹಂಡೆಯ ಮುಚ್ಚಳ ಹಿಡಿದು ಅವನು ಬಂದರೆ ಸಾಕು, ಮೈದಾನವೆಲ್ಲ ಎದ್ದು ಕುಣಿಯುತ್ತಿತ್ತು. ಹೆಂಗಸರು ಮಕ್ಕಳಿಗೆ, 'ಊಟ ಮಾಡ್ತೀಯೋ, ಕತ್ತಲೆ ಮೇಷ್ಟ್ರನ್ನ ಕರೀಲೋ?' ಎನ್ನುತ್ತಿದ್ದರು.

ಆ ಪಾತ್ರ ಹುಟ್ಟಿದ್ದು ನನ್ನ ಒಂದು ಸುಳ್ಳಿನಿಂದ.

ನಿಜವಾದ ಖಗೋಳಶಾಸ್ತ್ರಜ್ಞರೊಬ್ಬರು ನಮ್ಮ ಕಾಲೋನಿಯಲ್ಲಿದ್ದರು. ಎಲ್ಲೋ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಕೆಲಸ ಮಾಡಿ, ನಿವೃತ್ತರಾಗಿ, ತಂಗಿಯ ಮನೆಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ಪಾಠ ಹೇಳದಿದ್ದರೂ ಕನ್ನಡಕ ನೋಡಿ ಜನ ಮೇಷ್ಟ್ರೇ ಎನ್ನುತ್ತಿದ್ದರು. ಸಂಜೆಯಾದರೆ ತಾರಸಿಯ ಮೇಲೆ ದೂರದರ್ಶಕ ನಿಲ್ಲಿಸಿ, ತಂಗಿಯ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಕಾಶ ನೋಡುತ್ತಿದ್ದರು. ನಮ್ಮೂರಲ್ಲಿ ಅದೇನೂ ಸುಲಭವಲ್ಲ. ಕುಲುಮೆಯಿಂದ ಕರಗಿದ ಕಿಟ್ಟ ಹೊರಗೆ ಸುರಿದಾಗಲೆಲ್ಲ ಅರ್ಧ ಆಕಾಶ ಕೆಂಪಾಗುತ್ತಿತ್ತು. ನಮಗೆ ಆ ಕೆಂಪು ಎಂದರೆ ಸಂಬಳ, ಬೋನಸ್ಸು, ಮಕ್ಕಳ ಫೀಸು. ಅವರಿಗೆ ಅಷ್ಟು ನಕ್ಷತ್ರ ಕಡಿಮೆ.

ಎಲ್ಲರೂ ಧೂಮಕೇತುವಿನ ಮಾತಾಡುತ್ತಿದ್ದ ಚಳಿಗಾಲ ಅದು. ಮೇಷ್ಟ್ರು ನನ್ನನ್ನು ಹುಡುಕಿಕೊಂಡು ಬಂದರು.

"ನಮ್ಮನೆ ಮುಂದಿನ ಕಂಬದ ದೀಪ ಕಣ್ಣಿಗೆ ಹೊಡಿಯುತ್ತೆ ಮಾರಾಯ. ನಾಳೆ ಸಂಜೆ ಅರ್ಧ ಗಂಟೆ ಅದೊಂದನ್ನ ಆರಿಸ್ತೀಯಾ? ಮಕ್ಕಳನ್ನೆಲ್ಲ ಕರ್ದಿದೀನಿ."

"ಅದೇನ್ ಮಹಾ ಸಾರ್, ಆರಿಸ್ತೀನಿ" ಎಂದೆ.

ಒಂದೇ ದೀಪ ಆರಿಸಬೇಕಾದರೆ ಏಣಿ ತಂದು, ಕಂಬ ಹತ್ತಿ, ಫ್ಯೂಸ್ ಕೀಳಬೇಕು. ಇಡೀ ಸಾಲು ಆರಿಸಲು ಬೀದಿ ಮೂಲೆಯ ಪೆಟ್ಟಿಗೆಯಲ್ಲಿ ಒಂದು ಸ್ವಿಚ್ ಎಳೆದರಾಯಿತು. ಏಣಿ ಇದ್ದದ್ದು ಕಾಲೋನಿಯ ಆ ತುದಿಯಲ್ಲಿ. ನಾನು ಸ್ವಿಚ್ ಎಳೆದೆ. ಮಕ್ಕಳು ಹೋ ಎಂದರು. ಧೂಮಕೇತು ಕಂಡಿತು ಎಂದರು ಕೆಲವರು, ಬರೀ ಮಸುಕು ಎಂದರು ಕೆಲವರು. ಅಷ್ಟರಲ್ಲಿ ಕೆಳಗೆ ಬೀದಿಯಲ್ಲಿ ದಡಾರ್ ಎಂದು ಸದ್ದು. ರೋಲಿಂಗ್ ಮಿಲ್ಲಿನ ನನ್ನ ಗೆಳೆಯ, ತಮಿಳಿನವನು, ರುಬ್ಬಿಸಿದ ಇಡ್ಲಿ ಹಿಟ್ಟಿನ ಪಾತ್ರೆ ಸಮೇತ ಸೈಕಲ್‌ನಿಂದ ಚರಂಡಿಗೆ ಬಿದ್ದಿದ್ದ. ಮೊಣಕಾಲು ಮುರಿದಿತ್ತು.

ಜನ ಸೇರಿದರು. ನಮ್ಮ ಸೂಪರ್‌ವೈಸರ್ ಬಂದು, "ಯಾರಯ್ಯ ಲೈನ್ ಆರಿಸು ಅಂದಿದ್ದು?" ಎಂದು ಗದರಿದ. ಮೇಷ್ಟ್ರೂ ತಾರಸಿಯಿಂದ ಇಳಿದು ಬಂದು ಅಲ್ಲೇ ನಿಂತಿದ್ದರು.

"ಇವರೇ ಸಾರ್. ಇಡೀ ಸಾಲು ಆರಿಸು ಅಂದ್ರು" ಎಂದೆ.

ಮೇಷ್ಟ್ರು ನನ್ನ ಮುಖ ನೋಡಿ ಸುಮ್ಮನಾದರು. ಹುಡುಗನ ಕೆಲಸ ಹೋದೀತೆಂದು ಸುಮ್ಮನಾದರು ಎನ್ನುವುದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅಷ್ಟಕ್ಕೇ ನಿಲ್ಲಲಿಲ್ಲ, ಜನ ನನ್ನ ಕಡೆ ತಿರುಗದಿರಲಿ ಎಂದು ಮುಂದಿನ ಹಬ್ಬದ ನಾಟಕಕ್ಕೆ ಕತ್ತಲೆ ಮೇಷ್ಟ್ರನ್ನು ತಂದೆ. ಅವರದೇ ಕನ್ನಡಕ, ಅವರದೇ ಮಫ್ಲರು, ಅವರದೇ 'ಮಾರಾಯ'.

ಅವರು ನಾಟಕಕ್ಕೆ ಬಂದರು, ಮುಂದಿನ ಸಾಲಿನಲ್ಲೇ ಕುಳಿತರು. ನಾನು ತೆರೆಯ ಹಿಂದೆ ಬೆವರುತ್ತಿದ್ದೆ. ಮುಗಿದ ಮೇಲೆ ಹುಡುಕಿಕೊಂಡು ಬಂದೇ ಬಂದರು.

"ಎಲ್ಲ ಚೆನ್ನಾಗಿದೆ. ಒಂದು ತಪ್ಪಿದೆ ನೋಡು. ಸೂರ್ಯನ್ನ ಆರಿಸಿದ ತಕ್ಷಣ ಕತ್ತಲಾಗಲ್ಲ. ಹೊರಟಿರೋ ಬೆಳಕು ಬರ್ತಾನೇ ಇರುತ್ತೆ. ನಮ್ಮ ಸೂರ್ಯನಿಂದ ಇಲ್ಲಿಗಾದ್ರೆ ಎಂಟು ನಿಮಿಷ. ಅಷ್ಟು ಹೊತ್ತು ಸೂರ್ಯ ಇಲ್ಲ ಅಂತ ಯಾರಿಗೂ ಗೊತ್ತಾಗಲ್ಲ."

ಮರುವರ್ಷ ನಾನು ಅದನ್ನೇ ಬರೆದೆ. ಸೂರ್ಯ ಆರಿದ್ದಾನೆ, ಜನಕ್ಕೆ ಗೊತ್ತಿಲ್ಲ. ಒಬ್ಬಳು ಬಟ್ಟೆ ಒಣಹಾಕುತ್ತಾಳೆ, ಒಬ್ಬ ಮಗನಿಗೆ ಸೈಕಲ್ ಕಲಿಸುತ್ತಾನೆ. ಆ ದೃಶ್ಯಕ್ಕೆ ಇಡೀ ಮೈದಾನ ಉಸಿರು ಬಿಗಿಹಿಡಿದು ಕೂತಿತ್ತು. ಆಮೇಲೆ ಪ್ರತಿ ಹಬ್ಬದ ಮುಂಚೆ ಮೇಷ್ಟ್ರು ರಿಹರ್ಸಲ್‌ಗೆ ಬರುವುದು ರೂಢಿಯಾಯಿತು. "ಶೂನ್ಯದಲ್ಲಿ ಸದ್ದಿರಲ್ಲ ಮಾರಾಯ" ಎಂದು ಹಡಗು ಒಡೆಯುವ ದೃಶ್ಯದಲ್ಲಿ ತಬಲಾ ನಿಲ್ಲಿಸಿದರು. ತಬಲಾದವನು ವಾರವೆಲ್ಲ ಮುಖ ಊದಿಸಿಕೊಂಡಿದ್ದ. ಆ ಲೋಕದಲ್ಲಿ ನಿಜವಾಗಿದ್ದದ್ದೆಲ್ಲ ಅವರದು. ಚಪ್ಪಾಳೆ ನನ್ನದು, ನಗೆಪಾಟಲು ಅವರದು. ಅವರು ತೀರಿಕೊಂಡಾಗ ಕಾಲೋನಿಯವರು, 'ಪಾಪ, ಕತ್ತಲೆ ಮೇಷ್ಟ್ರು ಹೋದ್ರಂತೆ' ಎಂದರು. ಅವರ ಬಗ್ಗೆ ಜನರ ಬಾಯಲ್ಲಿ ಬೇರೇನೂ ಉಳಿದಿರಲಿಲ್ಲ.

ಈಗ ನಾನು ಶಿವಮೊಗ್ಗದ ಹೊಸಮನೆಯಲ್ಲಿದ್ದೇನೆ. ಕಳೆದ ವರ್ಷ ಒಬ್ಬ ಹುಡುಗಿ ಬಂದಳು. ಅವಳಜ್ಜ ನಮ್ಮ ನಾಟಕದಲ್ಲಿ ಹಡಗಿನ ಕ್ಯಾಪ್ಟನ್ ಆಗುತ್ತಿದ್ದವನು. ಮಾತುಗಳನ್ನೆಲ್ಲ ಅವನ ಬಾಯಿಂದಲೇ ಕಲಿತಿದ್ದಳು. ತನ್ನ ತಂಡದಿಂದ ನಾಟಕ ಮಾಡಿಸುತ್ತೇನೆ ಎಂದಳು.

"ಅಜ್ಜ, ಕತ್ತಲೆ ಮೇಷ್ಟ್ರು ಸಖತ್ ಕ್ಯಾರೆಕ್ಟರ್. ಅವರು ನಿಜವಾಗ್ಲೂ ಇದ್ರಾ?"

ಇಲ್ಲ ಎಂದು ಹಿಂದೆ ಎಷ್ಟೋ ಜನರಿಗೆ ಹೇಳಿದ್ದೆ. ಅವತ್ತು ಬಾಯಿ ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಅವಳು ಚಹಾ ಲೋಟ ಕೆಳಗಿಟ್ಟು, "ಅವರ ಕಡೆಯವರು ಯಾರೂ ಇಲ್ವಾ?" ಎಂದಳು.

ಇದ್ದರು. ತಾರಸಿಯ ಮೇಲೆ ಪಕ್ಕದಲ್ಲಿ ಕೂರುತ್ತಿದ್ದ ಆ ತಂಗಿಯ ಮಗಳು ವಿದ್ಯಾನಗರದಲ್ಲಿದ್ದಾರೆ. ಗಾಂಧಿ ಬಜಾರಿನಲ್ಲಿ ಎದುರಾದಾಗಲೆಲ್ಲ ನಾನು ಅಂಗಡಿಯೊಳಗೆ ನುಗ್ಗಿಬಿಡುತ್ತಿದ್ದೆ. ಈ ಸಲ ನಾನೇ ಅವರ ಮನೆಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಶಾಲೇಲಿ ನನ್ನ ಬೆಂಚಿನ ಮೇಲೆ ಪಾತ್ರೆ ಮುಚ್ಚಳ ಇಡ್ತಿದ್ರು, ಗೊತ್ತಾ ನಿಮಗೆ?" ಎಂದರು.

"ಗೊತ್ತಿರಲಿಲ್ಲಮ್ಮ."

"ಇಲ್ಲಿ ಸೋಫಾ ಮೇಲೆ ಕೂತು ನನಗೆ ಹೇಳಿದ್ರೆ ಏನು ಬಂತು? ಎಲ್ಲಿ ನಗಿಸಿದ್ರೋ ಅಲ್ಲೇ ಹೇಳಿ. ಆಗ ನಾನೂ ಬರ್ತೀನಿ."

ಹಾಗಾಗಿ ಶಿವಮೊಗ್ಗದಲ್ಲಿ ಆಗಬೇಕಿದ್ದ ನಾಟಕ ಭದ್ರಾವತಿಯ ಹಳೆಯ ಕಾಲೋನಿ ಮೈದಾನಕ್ಕೆ ಹೋಯಿತು. ಮುಚ್ಚಳದ ದೃಶ್ಯವೂ ಇರಲಿ ಎಂದವರು ಆ ತಂಗಿಯ ಮಗಳೇ. ಕುಲುಮೆ ತಣ್ಣಗಾಗಿ ವರ್ಷಗಳಾಗಿವೆ. ಅರ್ಧ ಮನೆಗಳಿಗೆ ಬೀಗ. ಸಂಜೆಗೇ ಆಕಾಶ ತುಂಬ ಚುಕ್ಕಿ. ಮೇಷ್ಟ್ರಿಗೆ ಬೇಕಿದ್ದ ಆಕಾಶ ಈಗ ಬಂದಿದೆ. ಆದರೆ ಇಷ್ಟೊಂದು ಕತ್ತಲೆಯನ್ನು ಅವರು ಕೇಳಿಯೇ ಇರಲಿಲ್ಲ.

ನಾಟಕ ಶುರುವಾಗುವ ಮುಂಚೆ ಹುಡುಗಿ ಓಡಿಬಂದಳು. "ಅಜ್ಜ, ಆ ಕಂಬದ ಲೈಟು ಸ್ಟೇಜ್ ಮೇಲೆ ಬೀಳ್ತಿದೆ. ಇಡೀ ಲೈನ್ ಆಫ್ ಮಾಡಿಸ್ಲಾ?"

"ಬೇಡಮ್ಮ. ಏಣಿ ತರಿಸು."

ಆಮೇಲೆ ಮೈಕ್ ಹಿಡಿದೆ. ಮೇಷ್ಟ್ರು ಕೇಳಿದ್ದು ಒಂದು ದೀಪ, ಸೋಮಾರಿತನಕ್ಕೆ ಇಡೀ ಸಾಲು ಆರಿಸಿದವನು ನಾನು, ಸುಳ್ಳು ಹೇಳಿದವನೂ ನಾನು ಎಂದೆ. ಹಿಂದಿನಿಂದ ನನ್ನ ತಮಿಳು ಗೆಳೆಯ ಊರುಗೋಲು ಎತ್ತಿ ಕೂಗಿದ:

"ಅಡ ಪಾವಿ! ಹಂಗಾದ್ರೆ ನನ್ ಮಂಡಿ ಮುರ್ದಿದ್ದು ನೀನೇನಾ? ಹಿಟ್ಟಾದ್ರೂ ವಾಪಸ್ ಕೊಡೋ!"

ಎಲ್ಲರೂ ನಕ್ಕರು. ನನ್ನನ್ನು ನೋಡಿ ನಕ್ಕರು. ಅಷ್ಟು ವರ್ಷ ಮೇಷ್ಟ್ರು ಕೂತು ಕೇಳಿದ್ದ ನಗು ಹೇಗಿರುತ್ತದೆಂದು ಆಗ ತಿಳಿಯಿತು.

ನಾಟಕ ಮುಗಿದು ಜನ ಕುರ್ಚಿ ಸರಿಸುತ್ತಿದ್ದಾಗ ಮೇಷ್ಟ್ರ ತಂಗಿಯ ಮಗಳು ನನ್ನ ಹತ್ತಿರ ಬಂದರು. ಮುಖ ಸಡಿಲವಾಗಿರಲಿಲ್ಲ.

"ಆ ಎಂಟು ನಿಮಿಷದ ಸೀನು... ಅದು ಮಾವ ಹೇಳಿದ್ದಲ್ವಾ? ನನಗೂ ತಾರಸಿ ಮೇಲೆ ಹೇಳ್ತಿದ್ರು."

"ಹೌದಮ್ಮ. ಅವರದೇ."

"ಅದನ್ನ ನೀವು ಹೇಳಲೇ ಇಲ್ಲ."

ತಪ್ಪು ಒಪ್ಪಿಕೊಳ್ಳುವ ಅವಸರದಲ್ಲಿ ಅವರ ಪಾಲನ್ನು ಮತ್ತೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ಜನ ಗೇಟಿನ ಕಡೆ ನಡೆಯುತ್ತಿದ್ದರು. ಮೈಕಿನವನು ವೈರ್ ಸುತ್ತುತ್ತಿದ್ದ.

"ಒಂದ್ನಿಮಿಷ ತಡಿಯಪ್ಪ, ಕನೆಕ್ಷನ್ ಕೀಳ್ಬೇಡ" ಎಂದು ಅವನ ಕಡೆ ನಡೆದೆ.