ಬುಟ್ಟಿ ಇಳಿಸುವ ಕೈ

ಅತ್ತೆಯ ನಡುನೆತ್ತಿಯಲ್ಲಿ ಕೂದಲಿರಲಿಲ್ಲ. ಅಂಗೈಯಗಲದ ಆ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಸುತ್ತಲಿನ ಕೂದಲಿಗೆ ಎಣ್ಣೆ ಹಚ್ಚಿ, ಅದರ ಮೇಲೆ ಎಳೆದು ಬಾಚಿ ಮುಚ್ಚುತ್ತಿದ್ದಳು. ನಮ್ಮೂರು ಮರವಂತೆಯ ಕಡಲಗಾಳಿ ಒಂದೇ ಬೀಸಿಗೆ ಎಲ್ಲ ಬಯಲು ಮಾಡುತ್ತಿತ್ತು. ನಲವತ್ತು ವರ್ಷ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ಮೀನಿನ ಬುಟ್ಟಿ ಹೊತ್ತ ಗುರುತು ಅದು.

ಅವಳು ಅಪ್ಪನ ಅಕ್ಕ, ನಮ್ಮ ಪಕ್ಕದ ಮನೆ. ಚಿಕ್ಕವಳಿದ್ದಾಗ ನನಗೆ ತಲೆ ಬಾಚಿ ಶಾಲೆಗೆ ಅಟ್ಟುತ್ತಿದ್ದವಳು, ಅಪ್ಪ 'ಹೆಣ್ಣಿಗೆ ಸಾಕು ಓದು' ಎಂದಾಗ ಅಂಗಳದಲ್ಲಿ ನಿಂತು ಜಗಳವಾಡಿದವಳು. ಬೆಳಿಗ್ಗೆ ಮೀನು ಕೊಂಡು, ಬಸ್ಸಿನಲ್ಲಿ ವಂಡ್ಸೆಗೆ ಹೋಗಿ ಮನೆಮನೆ ಸುತ್ತಿ ಮಾರುತ್ತಿದ್ದಳು. ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೇರಿಸಲು ಆಗುವುದಿಲ್ಲ, ಇಳಿಸಲೂ ಆಗುವುದಿಲ್ಲ. ಬಸ್ಸಿಳಿದವಳೇ ದಾರಿಹೋಕರನ್ನು ಕೂಗುತ್ತಿದ್ದಳು: "ಹ್ವಾಯ್, ಒಂಚೂರ್ ಹಿಡಿನಿ ಕಾಂಬ." ಪೂಜೆಗೆ ಹೊರಟವರಿರಲಿ, ಕಾರಿನಿಂದ ಇಳಿದವರಿರಲಿ, ಬಂದು ಹಿಡಿಯಲೇಬೇಕು. ಅತ್ತೆ ಮಂಡಿ ಬಗ್ಗಿಸಿ ತಲೆಯೊಡ್ಡುತ್ತಿದ್ದಳು, ಬುಟ್ಟಿ ಕೂತ ಮೇಲೆ ನೆಟ್ಟಗಾಗಿ ಬಿರಬಿರನೆ ನಡೆಯುತ್ತಿದ್ದಳು. ಹಿಡಿಯಲು ಹಿಂದೆಮುಂದೆ ನೋಡಿದವರ ಮನೆಯಲ್ಲಿ ಮರುದಿನ ಬಂಗುಡೆ ಸಣ್ಣದಾಗುತ್ತಿತ್ತು ಎಂಬುದು ಬೇರೆ ಮಾತು.

ನಾನು ಟೀಚರಾದೆ. ಬ್ರಹ್ಮಾವರದ ಶಾಲೆಗೆ ವರ್ಗವಾದಾಗ ಹತ್ತಿರದಲ್ಲಿ ಬಾಡಿಗೆಗೆ ಸಿಕ್ಕಿದ್ದು ಒಂದೇ ಮನೆ. ವಯಸ್ಸಾದ ಓನರ್ ಅಮ್ಮ ಗೇಟಿನಲ್ಲೇ ಕೇಳಿದರು, "ಮೀನ್ ಗೀನ್ ಇಲ್ಲೆ ಅಲ್ದಾ ಟೀಚ್ರೇ?"

"ಇಲ್ಲ" ಎಂದೆ. ಅಷ್ಟಕ್ಕೇ ನಿಂತಿದ್ದರೆ ಬರೀ ನಾಲಿಗೆಯ ಚಪಲಕ್ಕೆ ಕಡಿವಾಣ ಹಾಕಿದಂತಾಗುತ್ತಿತ್ತು. "ಊರಂಗೆ ಮನಿಯರ್ ಎಂತ ಮಾಡ್ತ್ರ್?" ಎಂದದ್ದಕ್ಕೆ "ವ್ಯಾಪಾರ" ಎಂದು ಮಾತು ತೇಲಿಸಿದೆ. ಊರಿಗೆ ಬಂದು ಇದನ್ನೊಂದು ತಮಾಷೆಯಂತೆ ಹೇಳಿದೆ. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ಆ ಕಾಲದಲ್ಲೇ ನಾನು ಫಿಲಿಪ್ಪೀನ್ಸಿನ ಒಂದು ಕಾದಂಬರಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೆ. ಕಥಾನಾಯಕ ಮೀನು ಮಾರುವವಳ ಮಗ. ಓದಿ ಜಮೀನ್ದಾರರ ಮನೆಯಲ್ಲಿ ಗುಮಾಸ್ತನಾಗುತ್ತಾನೆ, ಅವರ ಮೇಜಿನಲ್ಲಿ ಉಣ್ಣಲು, ಅವರ ಹಾಗೆ ಮಾತಾಡಲು ಕಲಿಯುತ್ತಾನೆ. ಒಂದು ದಿನ ತಾಯಿ ಆ ಮನೆಯ ಬಾಗಿಲಿಗೆ ಬಂದರೆ, 'ನಮ್ಮ ಹಳೆಯ ಕೆಲಸದವಳು' ಎಂದುಬಿಡುತ್ತಾನೆ. ಭಾನುವಾರ ಊರಿಗೆ ಹೋದಾಗ ಅನುವಾದ ಮಾಡಿದಷ್ಟನ್ನು ಅತ್ತೆಗೆ ಓದಿ ಹೇಳುತ್ತಿದ್ದೆ. ಅವಳು ಕಾಲು ಚಾಚಿ, ಎಲೆಯಡಿಕೆ ಮೆಲ್ಲುತ್ತ ಕೇಳುತ್ತಿದ್ದಳು. ಅಕ್ಷರ ಗೊತ್ತಿಲ್ಲದಿದ್ದರೂ ಅವಳಷ್ಟು ಕಟುವಾದ ವಿಮರ್ಶಕರನ್ನು ನಾನು ಇದುವರೆಗೆ ಕಂಡಿಲ್ಲ. ಆ ತಾಯಿಯ ಬಾಯಲ್ಲಿ ನಾನು ಚೆಂದದ ಪುಸ್ತಕದ ಕನ್ನಡ ಇಟ್ಟಿದ್ದೆ.

"ಈ ಹೆಂಗ್ಸ್ ಮೀನ್ ಮಾರುಕ್ ಹೊರ್ಟದ್ದಾ, ಹರಿಕಥೆ ಮಾಡುಕ್ ಹೊರ್ಟದ್ದಾ?" ಎಂದಳು. ಇನ್ನೊಂದು ದಿನ, "ಆ ದೊಡ್ಮನಿಯರ್ ಮೀನ್ ತಿಂತ್ರಾ?" ಎಂದು ಕೇಳಿದಳು. ತಿನ್ನುತ್ತಾರೆ ಎಂದೆ. "ಹಂಗಾರೆ ಮೀನ್ ಆತ್ತ್, ಮಾರುವಳ್ ಆತ್ತಿಲ್ಲೆ" ಎಂದು ಎದ್ದು ಹೋಗಿ ಉಗುಳಿ ಬಂದಳು.

ಮಳೆಗಾಲ ಕಳೆದ ಮೇಲೆ ನನಗೆ ಜ್ವರ ಹಿಡಿಯಿತು. ನಾಲ್ಕನೆಯ ದಿನ ಗೇಟು ಸದ್ದಾಯಿತು. ನೋಡಿದರೆ ಅತ್ತೆ, ಮದುವೆಮನೆಗೆ ಉಡುವ ಸೀರೆಯಲ್ಲಿ. ಮೀನಿನ ವಾಸನೆ ಹೋಗಲೆಂದು ಕೈಗೆ ಲಿಂಬೆಹಣ್ಣು ತಿಕ್ಕಿ ತೊಳೆದಿದ್ದಳು, ಬಾಳೆಲೆಯಲ್ಲಿ ಸೇವಂತಿಗೆ ದಂಡೆ ತಂದಿದ್ದಳು. ಓನರ್ ಅಮ್ಮ ಜಗಲಿಯಿಂದ "ಇವ್ರ್ ಯಾರ್?" ಎಂದರು.

"ನಾನ್ ಟೀಚ್ರ ಅತ್ತೆ, ಅಮ್ಮ. ನಮ್ದ್ ಹೂಗಿನ ವ್ಯಾಪಾರ" ಎಂದ ಅತ್ತೆ, ದಂಡೆಯನ್ನು ಅವರ ಕೈಗಿಟ್ಟು, ಬಗ್ಗಿ ಕಾಲು ಮುಟ್ಟಿದಳು. ಜನ್ಮದಲ್ಲಿ ತನ್ನ ಕಸುಬನ್ನು ಮುಚ್ಚಿಡದವಳು ನನ್ನ ಬಾಡಿಗೆ ಮನೆ ಉಳಿಸಲು ಸುಳ್ಳು ಹೇಳಿದಳು. ನಾನು ಅದನ್ನು ತಿದ್ದಲಿಲ್ಲ.

ಜ್ವರ ಬಿಟ್ಟ ಮೇಲಿನ ಭಾನುವಾರ ಕೊನೆಯ ಅಧ್ಯಾಯಗಳನ್ನು ಓದಿದೆ. ನಾಯಕ ತಿರುಗಿ ಊರಿಗೆ ಹೊರಡುವ ಭಾಗ ಬಂತು. ಯಾರ ಮೇಲಿನ ಸಿಟ್ಟೋ, "ಹೇಡಿ ಇವನು. ಇಷ್ಟು ದಿನ ಎಲ್ಲಿ ಹೋಗಿದ್ದ?" ಎಂದು ನೋಟುಪುಸ್ತಕ ಮುಚ್ಚಿದೆ.

"ಅವ್ನಿಗ್ ಬೈಬೇಡ ಹೆಣ್ಣೆ," ಎಂದಳು ಅತ್ತೆ. "ಬುಟ್ಟಿ ಹೊರುವತಿಗೆ ನಾನ್ ಬಗ್ಗುದಿಲ್ಯಾ? ಬಗ್ಗದಿದ್ರೆ ತಲಿಗ್ ಏರುದ್ ಹ್ಯಾಂಗೆ? ಬಗ್ಗಿದ್ದ್ ತಪ್ಪಲ್ಲ. ಬಗ್ಗಿಯೇ ನಡ್ದ್ರೆ ಬೆನ್ನ್ ಹಾಂಗೇ ನಿಂತ್ ಹೋತ್ತ್." ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ನಾನೂ ಒಂದಿನ ಹೂಗಿನವಳ್ ಆದೆ. ಒಂದ್ ಸಲಕ್ಕೆ ಆತ್ತ್. ಇನ್ನ್ ಆ ಮನಿಗೆ ನಾನ್ ಬತ್ತಿಲ್ಲೆ."

ಬೈದಿದ್ದರೆ ಸಹಿಸುತ್ತಿದ್ದೆ. ಆ ಮಾತು ತಡೆಯಲಾಗಲಿಲ್ಲ, ಬ್ರಹ್ಮಾವರಕ್ಕೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತ ಬಂದೆ.

ಮರುದಿನ ಬೆಳಿಗ್ಗೆ ಓನರ್ ಅಮ್ಮ ದಾಸವಾಳ ಕೊಯ್ಯುತ್ತಿದ್ದರು. ಒಂದೇ ಉಸಿರಿಗೆ ಹೇಳಿದೆ: "ನಮ್ಮದು ಮೀನಿನ ವ್ಯಾಪಾರ ಅಮ್ಮ. ಅವತ್ತು ಬಂದವಳು ಬುಟ್ಟಿ ಹೊತ್ತು ನನ್ನನ್ನು ಓದಿಸಿದ ಅತ್ತೆ. ಮನೆ ಬಿಡಿ ಅಂದರೆ ಬಿಡುತ್ತೇನೆ."

ಅವರ ಕೈ ನಿಲ್ಲಲಿಲ್ಲ. "ಗೊತ್ತಿತ್ತ್ ಟೀಚ್ರೇ. ಅವ್ರ್ ಕಾಲಿಗ್ ಬಗ್ಗುವತಿಗೆ ನೆತ್ತಿ ಕಂಡೆ. ಹೂಗಿನ ಬುಟ್ಟಿ ಹಾಂಗ್ ಕೂದಲ್ ತಿಂಬುದಿಲ್ಲೆ."

ಮತ್ತೆ ಎರಡು ದಿನ ಮಾತಿಲ್ಲ. ನಾನು ಪಾತ್ರೆ ಪಗಡೆ ಕಟ್ಟಿಡಲು ಶುರುಮಾಡಿದ್ದೆ. ಮೂರನೆಯ ದಿನ ಕಿಟಕಿಯ ಹತ್ತಿರ ಬಂದು ಹೇಳಿದರು: "ಮನಿ ಬಿಡುದ್ ಬೇಡ. ಮೀನ್ ಹಿತ್ಲ್ ಬದಿಲ್ ಬೇಯ್ಸ್ಕಣಿ. ಒಣಮೀನ್ ಮಾತ್ರ ಸುಡ್ಬೇಡಿ, ನಂಗೆ ತಲಿನೋವ್ ಬತ್ತ್." ಇದೂ ಒಂದು ರಾಜಿಯೇ. ಆದರೆ ಆ ವಯಸ್ಸಿನಲ್ಲಿ ಅವರು ಗೇಣುದ್ದ ಸರಿದು ಜಾಗ ಬಿಟ್ಟದ್ದು ಸಣ್ಣ ಸಂಗತಿ ಎಂದು ನನಗೆ ಅನ್ನಿಸಲಿಲ್ಲ.

ಅತ್ತೆಗೆ ಫೋನು ಮಾಡಿ, "ಬುಟ್ಟಿ ಸಮೇತ ಬಾ" ಎಂದೆ. ಆ ಶನಿವಾರ ಮಧ್ಯಾಹ್ನ ಗೇಟಿನಿಂದ ಕೂಗು ಬಂತು, ಗುರುತಿಲ್ಲದವರನ್ನು ಕರೆಯುವ ಅದೇ ರಾಗದಲ್ಲಿ: "ಹ್ವಾಯ್, ಒಂಚೂರ್ ಹಿಡಿನಿ ಕಾಂಬ."

ಶಾಲೆಯ ಸೀರೆಯಲ್ಲೇ ಬರಿಗಾಲಲ್ಲಿ ಓಡಿದೆ. ಅವಳು ಮಂಡಿ ಬಗ್ಗಿಸಿದಳು, ನಾನು ಬುಟ್ಟಿ ಇಳಿಸಿದೆ. ಮಂಜುಗಡ್ಡೆಯ ನೀರು ಮೊಣಕೈಯವರೆಗೆ ಹರಿದು ಸೆರಗು ನೆನೆಯಿತು. ಅತ್ತೆ ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಂತು ಜಗಲಿಯ ಕಡೆ ನೋಡಿದಳು.

"ಎಂತ ಮೀನ್?" ಓನರ್ ಅಮ್ಮ ಕೂತಲ್ಲಿಂದಲೇ ಕೇಳಿದರು.

"ಬಂಗ್ಡಿ ಅಮ್ಮ. ನಿಮ್ಗ್ ಬೇಡ ಅಲ್ದಾ?"

ಇಬ್ಬರೂ ನಕ್ಕರು. ಅತ್ತೆ ಆಮೇಲೆ ಅಲ್ಲಿಗೆ ಎಷ್ಟೋ ಸಲ ಬಂದಳು.

ಅವಳು ತೀರಿಕೊಂಡು ಎರಡು ಮಳೆಗಾಲವಾಯಿತು. ಪುಸ್ತಕ ಅದಕ್ಕಿಂತ ಮೊದಲೇ ಅಚ್ಚಾಗಿ ಬಂದಿತ್ತು. ಅದರಲ್ಲಿ ಆ ತಾಯಿ ನಮ್ಮೂರಿನ ಮಾತನ್ನೇ ಆಡುತ್ತಾಳೆ. ಮೊದಲ ಪ್ರತಿಯನ್ನು ಅತ್ತೆಯ ಮಡಿಲಲ್ಲಿ ಇಟ್ಟಾಗ, ಪುಟಗಳ ಮೇಲೆ ಕೈಯಾಡಿಸಿ ಕೇಳಿದಳು, "ಅವ ಕಡಿಗ್ ಅಬ್ಬೆ ಹತ್ರ ಹೋದ ಅಲ್ದಾ?"

"ಹೋದ."

"ಹೋಗಿ, ಅವ್ಳ್ ಬುಟ್ಟಿ ಇಳ್ಸ್‌ದನಾ?"

"ಅದು ಪುಸ್ತಕದಲ್ಲಿ ಇಲ್ಲ ಅತ್ತೆ."

"ಹೋಯ್ಲಿ ಬಿಡ್," ಎಂದಳು. "ನೀ ಇಳ್ಸಿದ್ಯಲೆ."